ಸಸಿ ಮಾರೋಕೆ ಇಕೋಸಿಸ್ಟಂ ಯಾಕೆ ಬೇಕು?

ಕೋಲಾರದ ಸುತ್ತ ನರ್ಸರಿಗಳು ಜಾಸ್ತಿ. ಟೊಮೆಟೊ, ದಪ್ಪ ಮೆಣಸಿನಕಾಯಿ, ಹೂಕೋಸು, ಚೆಂಡುಹೂವು, ಎಲ್ಲದರ ಸಸಿಯನ್ನೂ ಟ್ರೇಗಳಲ್ಲಿ ಬೆಳೆಸಿ ರೈತರಿಗೆ ಮಾರುತ್ತಾರೆ. ನಮ್ಮ ಅಕ್ಕನ ಮನೆಯಲ್ಲೂ ಇದೇ ಕಸುಬು. ನನ್ನ ಕೆಲಸದ ಮಧ್ಯೆ ಅವರ ಬಿಲ್ಲು, ವಾಟ್ಸಾಪ್, ಫೇಸ್‌ಬುಕ್ ಪೇಜು ನೋಡಿಕೊಳ್ಳುವುದು ನಾನೇ. ಹೀಗಾಗಿ ಎರಡು ಥರದ ಜನರ ಜೊತೆ ಕೂತು ಮಾತಾಡುವುದು ಇದ್ದೇ ಇರುತ್ತದೆ. ರೈತರ ಜೊತೆ ವ್ಯವಹಾರ ಮಾಡಬೇಕು ಅಂತ ಬರುವ ಸ್ಟಾರ್ಟಪ್‌ನವರು ಒಂದು ಕಡೆ. ಆನ್‌ಲೈನ್ ಜಾಹೀರಾತು ಮಾಡಿಕೊಡುವ ಏಜೆನ್ಸಿಯವರು ಇನ್ನೊಂದು ಕಡೆ.

ಇಬ್ಬರ ಮಾತೂ ಹೆಚ್ಚು ಕಡಿಮೆ ಒಂದೇ. “ನಮ್ಮದು ಎಂಡ್ ಟು ಎಂಡ್ ಪ್ಲಾಟ್‌ಫಾರ್ಮ್.” “ಎಐ ಪವರ್ಡ್ ಸೊಲ್ಯೂಷನ್.” “ಇಡೀ ಅಗ್ರಿ ಇಕೋಸಿಸ್ಟಂ ಅನ್ನೇ ಎಂಪವರ್ ಮಾಡ್ತೀವಿ.” “ನಿಮ್ಮ ಬ್ರ್ಯಾಂಡ್‌ಗೆ 360 ಡಿಗ್ರಿ ಗ್ರೋತ್.” ಇವನ್ನು ಕೇಳಿ ಕೇಳಿ ನನಗೆ ಒಂದು ವಿಷಯ ಮನದಟ್ಟಾಗಿದೆ. ಈ ಮಾತುಗಳನ್ನು ತಯಾರು ಮಾಡಿದ್ದು ಹೂಡಿಕೆದಾರರ ಮುಂದೆ ಹೇಳೋಕೆ. ಅವನ್ನೇ ಎತ್ತಿಕೊಂಡು ಬಂದು ನಮ್ಮ ಮುಂದೆಯೂ ಹೇಳುತ್ತಿದ್ದಾರೆ. ಹೂಡಿಕೆದಾರರಿಗೆ ಅರ್ಥವಾಗುವ ಮಾತಿನಲ್ಲಿ ನಮಗೆ ಹಿಡಿದುಕೊಳ್ಳೋಕೆ ಏನೂ ಇರುವುದಿಲ್ಲ.

ಇದು ಇಂಗ್ಲಿಷ್ ಮೇಲಿನ ಸಿಟ್ಟು ಅಂತ ದಯವಿಟ್ಟು ತಿಳಿಯಬೇಡಿ. ನಮ್ಮ ಕಡೆ ಯಾವುದೇ ಹಳ್ಳಿಯ ಡೇರಿಗೆ ಬೆಳಗ್ಗೆ ಹೋಗಿ ನೋಡಿ. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಯೂ ಫ್ಯಾಟ್ ಎಷ್ಟು ಬಂತು, ಎಸ್‌ಎನ್‌ಎಫ್ ಎಷ್ಟು ಬಂತು ಅಂತ ಕೇಳುತ್ತಾರೆ. ಎಸ್‌ಎನ್‌ಎಫ್ ಅಂದರೆ ಹಾಲಿನಲ್ಲಿ ಕೊಬ್ಬು ಬಿಟ್ಟು ಉಳಿಯುವ ಗಟ್ಟಿ ಅಂಶ. ಅದು 8.5 ಬಂದರೆ ಸಮಾಧಾನ. ಕಡಿಮೆ ಬಂದರೆ ಮೇವು ಸರಿಯಿಲ್ಲವಾ, ಯಂತ್ರ ಸರಿಯಿಲ್ಲವಾ ಅಂತ ಅಲ್ಲೇ ವಾದ. ಪದ ಪೂರ್ತಿ ಇಂಗ್ಲಿಷಿನದು, ಅದೂ ಪ್ರಯೋಗಾಲಯದ್ದು. ಆದರೂ ಅದನ್ನು ಹಿಡಿದು ಜಗಳ ಆಡುವಷ್ಟು ಅವರಿಗೆ ಗೊತ್ತು. ಯಾಕೆಂದರೆ ಅವರ ಕಣ್ಣೆದುರೇ ಅಳೆಯುತ್ತಾರೆ. ಅಳತೆಯ ಮೇಲೆ ದುಡ್ಡು ಬರುತ್ತದೆ. ಡ್ರಿಪ್, ಲ್ಯಾಟರಲ್, ಮಲ್ಚಿಂಗ್, ವೆಂಚುರಿ, ಹೈಬ್ರಿಡ್, ಇವೆಲ್ಲ ನಮ್ಮ ಹೊಲದ ಮಾತುಗಳೇ ಆಗಿ ಎಷ್ಟೋ ವರ್ಷ ಆಯಿತು. ಹೊಸ ಪದಕ್ಕೆ ಇಲ್ಲಿ ಯಾರೂ ಹೆದರುವುದಿಲ್ಲ. ಅದರ ಹಿಂದೆ ಒಂದು ವಸ್ತು ಇರಬೇಕು, ಇಲ್ಲವೇ ಒಂದು ಅಳತೆ ಇರಬೇಕು, ಅಷ್ಟೇ.

“ಎಂಪವರ್” ಅನ್ನುವುದನ್ನು ಯಾವ ಯಂತ್ರದಲ್ಲಿ ಹಾಕಿ ಅಳೆಯುವುದು?

ಹತ್ತಿರದ ಒಂದು ಊರಿನಲ್ಲಿ ನಡೆದದ್ದು ಹೇಳುತ್ತೇನೆ. ರೈತರಿಂದ ನೇರವಾಗಿ ಟೊಮೆಟೊ ಕೊಳ್ಳುತ್ತೇವೆ ಅಂತ ಒಂದು ಸ್ಟಾರ್ಟಪ್ ಬಂತು. ಅರಳಿಕಟ್ಟೆ ಹತ್ತಿರ ಸಭೆ. ಟೀ, ಬಿಸ್ಕತ್ತು, ಪರದೆಯ ಮೇಲೆ ಚಿತ್ರಗಳು. ಬಂದವರೆಲ್ಲರ ಫೋನ್ ನಂಬರ್ ಬರೆದುಕೊಂಡರು. “ನ್ಯಾಯವಾದ ಬೆಲೆ, ಪಾರದರ್ಶಕ ಗ್ರೇಡಿಂಗ್, ತಡೆಯಿಲ್ಲದ ಪೇಮೆಂಟ್” ಅಂದರು. ಕೇಳೋಕೆ ಚೆನ್ನಾಗಿತ್ತು. ಆದರೆ ನ್ಯಾಯವಾದ ಬೆಲೆ ಅಂದರೆ ಆ ದಿನದ ಮಂಡಿ ಬೆಲೆಗಿಂತ ಎಷ್ಟು ಜಾಸ್ತಿ? ಗ್ರೇಡಿಂಗ್‌ನಲ್ಲಿ ಹಣ್ಣಿನ ಸೈಜು ಎಷ್ಟು ಮಿಲಿಮೀಟರ್ ಇರಬೇಕು? ವಾಪಸ್ ಬಂದ ಮಾಲಿನ ಗಾಡಿ ಬಾಡಿಗೆ ಯಾರದು? ಈ ಮೂರಕ್ಕೂ ಉತ್ತರ ಅವರು ಕೊಟ್ಟ ಕಾಗದದಲ್ಲಿ ಇರಲಿಲ್ಲ.

ಮಾಲು ಕಳಿಸಿದ ರೈತರಲ್ಲಿ ಕೆಲವರಿಗೆ ಮೊದಲು ಚೆನ್ನಾಗೇ ಆಯಿತು. ಒಂದು ದಿನ ಒಬ್ಬರ ಬಾಕ್ಸುಗಳಲ್ಲಿ ಹೆಚ್ಚಿನವನ್ನು ಕಲೆಕ್ಷನ್ ಸೆಂಟರ್‌ನಲ್ಲೇ ಬೇಡ ಅಂದರು. “ಕ್ವಾಲಿಟಿ ನಾರ್ಮ್ಸ್‌ಗೆ ಮ್ಯಾಚ್ ಆಗ್ತಿಲ್ಲ” ಅನ್ನುವುದೇ ಕಾರಣ. ಅಷ್ಟು ಹೊತ್ತಿಗೆ ಎಪಿಎಂಸಿಯಲ್ಲಿ ಹರಾಜು ಮುಗಿದಿತ್ತು. ಮಾಗಿದ ಟೊಮೆಟೊ ಮರುದಿನಕ್ಕೆ ಕಾಯುವುದಿಲ್ಲ. ಸಿಕ್ಕ ಬೆಲೆಗೆ ಕೊಟ್ಟು ಮನೆಗೆ ಬಂದರು. ಯಾವ ನಾರ್ಮ್ಸ್ ಅಂತ ಕೇಳಿದರೆ ತೋರಿಸೋಕೆ ಯಾರ ಹತ್ತಿರವೂ ಏನೂ ಇರಲಿಲ್ಲ. ಒಂದು ಪದ ಮಸುಕಾಗಿದ್ದರೆ ಏನು ಮಹಾ ಅನ್ನುವವರಿಗೆ ನಾನು ಇದನ್ನೇ ಹೇಳುತ್ತೇನೆ. ಆ ಮಸುಕಿನ ಬೆಲೆಯನ್ನು ಆ ದಿನ ಕೊಟ್ಟಿದ್ದು ಟೊಮೆಟೊ ಬೆಳೆದವರು.

ಅಂದು ಅರಳಿಕಟ್ಟೆ ಹತ್ತಿರ ಬರೆದುಕೊಂಡ ನಂಬರ್‌ಗಳ ಕಥೆ ಇನ್ನೂ ಇದೆ. ಇಂಥ ಪಟ್ಟಿಗಳು ಹೂಡಿಕೆದಾರರ ಮುಂದೆ “ಆನ್‌ಬೋರ್ಡ್ ಆದ ರೈತರು” ಅಂತ ಆಗುತ್ತವೆ. ಒಂದು ಬಾಕ್ಸ್ ಮಾರಿದವರೂ ಅದರಲ್ಲಿ ಇರುತ್ತಾರೆ. ಬಿಸ್ಕತ್ತು ತಿಂದು ಹೋದವರೂ ಇರಬಹುದು. ಜಿಎಂವಿ ಅನ್ನುವ ಇನ್ನೊಂದು ಲೆಕ್ಕವಿದೆ. ಕಂಪನಿಯ ಮೂಲಕ ಹಾದುಹೋದ ಮಾಲಿನ ಒಟ್ಟು ಬೆಲೆ ಅದು. ಒಂದು ಲಕ್ಷದ ಟೊಮೆಟೊ ಹಾದು ಹೋಗಿ, ಕಂಪನಿಗೆ ಐದು ಸಾವಿರ ಉಳಿದರೂ ಜಿಎಂವಿ ಒಂದು ಲಕ್ಷವೇ. ಇದು ಸುಳ್ಳಲ್ಲ. ಹೂಡಿಕೆದಾರರಿಗೆ ಜಿಎಂವಿ ಏನು, ಆದಾಯ ಏನು ಅಂತ ಚೆನ್ನಾಗಿ ಗೊತ್ತು. ಪತ್ರಿಕೆಯಲ್ಲಿ ಓದುವ ನಮಗೆ ಮಾತ್ರ ಕಂಪನಿ ಅಷ್ಟೊಂದು ದುಡಿಯುತ್ತಿದೆ ಅನ್ನಿಸುತ್ತದೆ.

“ಪ್ಲಾಟ್‌ಫಾರ್ಮ್” ಅನ್ನುವುದರ ಮೇಲೆ ಇಷ್ಟು ಪ್ರೀತಿ ಯಾಕೆ ಅಂತಲೂ ಯೋಚಿಸಿದ್ದೇನೆ. ವ್ಯಾಪಾರಿ ಅಂದರೆ ಮಾಲು ಕೊಳ್ಳಬೇಕು, ಕೊಳೆತರೆ ತಡೆದುಕೊಳ್ಳಬೇಕು. ಪ್ಲಾಟ್‌ಫಾರ್ಮ್ ಅಂದರೆ ಕೊಳ್ಳುವವರನ್ನೂ ಮಾರುವವರನ್ನೂ ಸೇರಿಸುವುದು, ಅಷ್ಟೇ. ಮಾಲಿನ ರಿಸ್ಕ್ ತನ್ನದಲ್ಲ ಅಂತ ಹೇಳಿಕೊಳ್ಳಬಹುದು. ಜೊತೆಗೆ, ಟೆಕ್ನಾಲಜಿ ಕಂಪನಿ ಅನ್ನಿಸಿಕೊಂಡರೆ ಹೂಡಿಕೆದಾರರು ಜಾಸ್ತಿ ಬೆಲೆ ಕಟ್ಟುತ್ತಾರೆ. ಅಮೆರಿಕದ ವೀವರ್ಕ್ ಕಥೆ ಇದಕ್ಕೆ ದೊಡ್ಡ ಉದಾಹರಣೆ. ಕಟ್ಟಡಗಳನ್ನು ದೀರ್ಘ ಅವಧಿಗೆ ಬಾಡಿಗೆ ಹಿಡಿದು, ಬೇರೆಯವರಿಗೆ ಚಿಕ್ಕ ಚಿಕ್ಕ ಅವಧಿಗೆ ಬಾಡಿಗೆ ಕೊಡುವ ಕಂಪನಿ ಅದು. 2019ರ ಆರಂಭದಲ್ಲಿ ಅದಕ್ಕೆ ಕಟ್ಟಿದ ಬೆಲೆ 4,700 ಕೋಟಿ ಡಾಲರ್. ಅದೇ ವರ್ಷ ಷೇರು ಮಾರಲು ಕೊಟ್ಟ ದಾಖಲೆಯಲ್ಲಿ, ಜಗತ್ತಿನ ಪ್ರಜ್ಞೆಯನ್ನೇ ಮೇಲೆತ್ತುವುದು ತಮ್ಮ ಗುರಿ ಅಂತ ಬರೆದಿದ್ದರು. ಅದಕ್ಕೂ ಮುಂಚೆ, 2018ರಲ್ಲಿ, “ಕಮ್ಯುನಿಟಿ ಅಡ್ಜಸ್ಟೆಡ್ ಎಬಿಟ್ಡಾ” ಅನ್ನುವ ಹೊಸ ಲೆಕ್ಕ ತೋರಿಸಿದ್ದರು. ಎಬಿಟ್ಡಾ ಅಂದರೆ ಬಡ್ಡಿ, ತೆರಿಗೆ, ಸವಕಳಿ ಕಳೆಯುವ ಮುಂಚಿನ ಲಾಭ. ಇದು ಮಾರ್ಕೆಟಿಂಗ್, ಆಡಳಿತ, ವಿನ್ಯಾಸದ ಖರ್ಚುಗಳನ್ನೂ ಪಕ್ಕಕ್ಕಿಟ್ಟು ಲಾಭ ತೋರಿಸುವ ಲೆಕ್ಕ. 2019ರ ಸೆಪ್ಟೆಂಬರ್‌ನಲ್ಲಿ ಆ ಷೇರು ಮಾರಾಟವನ್ನು ಕೈಬಿಟ್ಟರು. 2023ರ ನವೆಂಬರ್‌ನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ಬಾಡಿಗೆ ವ್ಯಾಪಾರ ಅಂತ ಸೀದಾ ಹೇಳಿದ್ದರೆ ಅಷ್ಟು ಬೆಲೆ ಬರುತ್ತಿತ್ತಾ? ನನಗಂತೂ ಹಾಗೆ ಅನ್ನಿಸುವುದಿಲ್ಲ.

ಇನ್ನು ಆನ್‌ಲೈನ್ ಜಾಹೀರಾತಿನ ವಿಷಯ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ನಮ್ಮಂಥ ಸಣ್ಣ ವ್ಯಾಪಾರದವರ ದುಡ್ಡು ಹೆಚ್ಚಾಗಿ ಹೋಗುವುದು ಇಲ್ಲೇ.

ಗೂಗಲ್, ಫೇಸ್‌ಬುಕ್ ಜಾಹೀರಾತು ಮಾರಾಟ ಆಗುವುದು ಹರಾಜಿನಲ್ಲಿ. ಕೋಲಾರದವರಿಗೆ ಹರಾಜು ಹೊಸದಲ್ಲ. ನಮ್ಮ ಎಪಿಎಂಸಿ ಟೊಮೆಟೊಗೆ ದೇಶದಲ್ಲೇ ಹೆಸರಾದ ಮಾರುಕಟ್ಟೆ. ಅಲ್ಲಿ ಬಾಕ್ಸುಗಳು ಸಾಲಾಗಿ ಕಣ್ಣೆದುರೇ ಇರುತ್ತವೆ. ಕೊಳ್ಳುವವರು ಮೇಲಿನ ಹಣ್ಣು ಸರಿಸಿ ಕೆಳಗಿನದನ್ನೂ ನೋಡುತ್ತಾರೆ. ಬೆಲೆ ಕೂಗುವುದು ಎಲ್ಲರಿಗೂ ಕೇಳಿಸುತ್ತದೆ. ಬೆಲೆ ಏರಲಿ, ಬೀಳಲಿ, ಲೆಕ್ಕ ಒಂದೇ: 15 ಕೆ.ಜಿ. ಬಾಕ್ಸಿಗೆ ಇಷ್ಟು. 2023ರ ಜುಲೈನಲ್ಲಿ ಅದು 2,000 ರೂಪಾಯಿ ದಾಟಿದಾಗ ಸುದ್ದಿ ಅವತ್ತೇ ಊರೂರಿಗೆ ಮುಟ್ಟಿತ್ತು. ಮಂಡಿಯಲ್ಲಿ ಎಲ್ಲವೂ ಸರಿಯಿದೆ ಅಂತ ನಾನು ಹೇಳುತ್ತಿಲ್ಲ. ರೈತರಿಂದ ಕಮಿಷನ್ ಹಿಡಿಯುವುದು, ಸರಿಯಾದ ಬಿಲ್ ಬದಲು ಬಿಳಿ ಚೀಟಿ ಕೊಡುವುದು, ಇವು ಹಳೇ ತಕರಾರುಗಳು. ಆದರೆ ತಕರಾರು ಏನು ಅಂತ ಬೆರಳಿಟ್ಟು ತೋರಿಸಬಹುದು. ಕಾಗದ ಬಿಳಿದು ಅಂತ ಗೊತ್ತಾಗುತ್ತದೆ, ಕಮಿಷನ್ ಎಷ್ಟು ಹಿಡಿದರು ಅಂತ ಗೊತ್ತಾಗುತ್ತದೆ.

ಜಾಹೀರಾತಿನ ಹರಾಜು ಯಾರಾದರೂ ಫೋನ್‌ನಲ್ಲಿ ಬೆರಳು ಆಡಿಸಿದಾಗ, ಕಣ್ಣು ಮಿಟುಕಿಸುವುದರೊಳಗೆ ಮುಗಿದುಹೋಗುತ್ತದೆ. ನೀವು ಎಷ್ಟು ಕೊಡಲು ಸಿದ್ಧ, ಜನ ನಿಮ್ಮ ಜಾಹೀರಾತನ್ನು ಒತ್ತುವ ಸಾಧ್ಯತೆ ಎಷ್ಟು, ಜಾಹೀರಾತಿನ ಗುಣಮಟ್ಟ ಹೇಗಿದೆ ಅಂತ ಕಂಪನಿಯ ಯಂತ್ರವೇ ಲೆಕ್ಕ ಹಾಕುತ್ತದೆ. ಎದುರಾಳಿ ಯಾರು ಅಂತ ನಮಗೆ ಕಾಣುವುದಿಲ್ಲ. ಕೊಂಡ ಮಾಲು ಕಾಣುವುದಿಲ್ಲ. ತಿಂಗಳ ಕೊನೆಗೆ ಒಂದು ರಿಪೋರ್ಟ್ ಬರುತ್ತದೆ. ಅದರಲ್ಲಿ ರೀಚ್, ಇಂಪ್ರೆಷನ್, ಎಂಗೇಜ್‌ಮೆಂಟ್, ಕ್ಲಿಕ್, ಲೀಡ್ ಅಂತ ಇರುತ್ತದೆ. ಬಾಣದ ಗುರುತೆಲ್ಲ ಹಸಿರು ಬಣ್ಣದಲ್ಲಿ ಮೇಲಕ್ಕೆ ತೋರಿಸುತ್ತಿರುತ್ತದೆ.

ಈ ಪದಗಳಿಗೆ ಖಚಿತ ಅರ್ಥ ಇದೆ. ಅದನ್ನು ನಮಗೆ ಬಿಡಿಸಿ ಹೇಳುವವರು ಕಡಿಮೆ. ಇಂಪ್ರೆಷನ್ ಅಂದರೆ ಜಾಹೀರಾತು ತೆರೆಯ ಮೇಲೆ ಬಂತು ಅಂತ. ಒಬ್ಬರಿಗೆ ಐದು ಸಲ ಬಂದರೆ ಐದು ಇಂಪ್ರೆಷನ್, ಒಂದು ರೀಚ್. ಅವರು ನೋಡಿದರಾ ಅನ್ನುವುದು ಬೇರೆ ಪ್ರಶ್ನೆ. ಜಾಹೀರಾತು “ಕಾಣುವಂತಿತ್ತು” ಅನ್ನೋಕೆ ಉದ್ಯಮ ಒಪ್ಪಿಕೊಂಡ ಅಳತೆ ಏನು ಗೊತ್ತಾ? ಅದರ ಅರ್ಧ ಭಾಗ ಒಂದು ಸೆಕೆಂಡ್ ತೆರೆಯ ಮೇಲಿದ್ದರೆ ಸಾಕು. ವಿಡಿಯೊ ಆದರೆ ಎರಡು ಸೆಕೆಂಡ್. ಫೇಸ್‌ಬುಕ್‌ನ ರಿಪೋರ್ಟ್‌ನಲ್ಲಿ “ಎಲ್ಲಾ ಕ್ಲಿಕ್” ಅನ್ನುವ ಸಾಲಿನಲ್ಲಿ ಲೈಕ್ ಒತ್ತಿದ್ದು, ಕಾಮೆಂಟ್ ಹಾಕಿದ್ದು, ಫೋಟೊ ದೊಡ್ಡದು ಮಾಡಿ ನೋಡಿದ್ದು ಎಲ್ಲವೂ ಸೇರುತ್ತದೆ. ನಿಮ್ಮ ವೆಬ್‌ಸೈಟಿಗೆ ಬಂದವರ ಲೆಕ್ಕ ಬೇರೆ ಸಾಲಿನಲ್ಲಿರುತ್ತದೆ. ಯಾವ ಸಾಲನ್ನು ನಿಮಗೆ ತೋರಿಸುತ್ತಾರೆ ಅನ್ನುವುದು ಏಜೆನ್ಸಿಯ ಕೈಯಲ್ಲಿದೆ.

ಲೀಡ್ ಅನ್ನುವುದರ ಕಥೆ ನಮಗೆ ಚೆನ್ನಾಗಿ ಗೊತ್ತು. ಜಾಹೀರಾತು ಒತ್ತಿದರೆ ಅಲ್ಲೇ ಒಂದು ಫಾರ್ಮ್ ತೆರೆದುಕೊಳ್ಳುತ್ತದೆ. ಹೆಸರು, ಫೋನ್ ನಂಬರ್ ಮೊದಲೇ ತುಂಬಿರುತ್ತವೆ. ಬೆರಳು ಇನ್ನೊಂದು ಸಲ ತಾಗಿದರೆ ಲೀಡ್ ಆಯಿತು. ಏಜೆನ್ಸಿಯವರು ಇಂಥ ನಂಬರ್‌ಗಳ ಉದ್ದ ಪಟ್ಟಿ ಕಳಿಸಿದರು. ಅಕ್ಕ ಒಂದೊಂದಾಗಿ ಫೋನ್ ಮಾಡಿದಳು. “ಯಾರಮ್ಮ ನೀವು? ನಾನು ಸಸಿ ಕೇಳೇ ಇಲ್ಲವಲ್ಲ” ಅಂದವರೇ ಜಾಸ್ತಿ. ಒಬ್ಬರು ಬೆಂಗಳೂರಿನ ಅಪಾರ್ಟ್‌ಮೆಂಟಿನವರು, ಬಾಲ್ಕನಿಗೆ ನಾಲ್ಕು ಗಿಡ ಬೇಕಿತ್ತು. ಪಾಪ, ತಪ್ಪು ಅವರದಲ್ಲ. ಆದರೆ ನಮ್ಮ ಗಿರಾಕಿ ಮುಳಬಾಗಿಲು, ಶ್ರೀನಿವಾಸಪುರ, ಮಾಲೂರು, ಬಂಗಾರಪೇಟೆ ಕಡೆಯ ರೈತರು. ಟ್ರೇ ಲೆಕ್ಕದಲ್ಲಿ ಸಸಿ ಒಯ್ಯುವವರು.

ಬೆಂಗಳೂರಿನವರಿಗೆ ಯಾಕೆ ಹೋಯಿತು? ಇಂಥ ಕಡೆ ಮೊದಲು ನೋಡಬೇಕಾದದ್ದು ಸೆಟ್ಟಿಂಗ್ಸ್. ಗೂಗಲ್‌ನಲ್ಲಿ ಕೋಲಾರ ಅಂತ ಜಾಗ ಆರಿಸಿದರೆ, ಮೊದಲೇ ಗುರುತು ಹಾಕಿರುವ ಆಯ್ಕೆ ಕೋಲಾರದಲ್ಲಿ ಇರುವವರು ಅಥವಾ ಕೋಲಾರದ ಬಗ್ಗೆ ಆಸಕ್ತಿ ತೋರಿಸಿದವರು ಅಂತ ಇರುತ್ತದೆ. ಭಾನುವಾರ ಅಂತರಗಂಗೆ ಬೆಟ್ಟ ಹತ್ತೋಕೆ ದಾರಿ ಹುಡುಕಿದ ಬೆಂಗಳೂರಿನ ಹುಡುಗನೂ ಈ ಲೆಕ್ಕಕ್ಕೆ ಬರಬಹುದು. ಆ ಜಾಗದಲ್ಲಿ ಇರುವವರಿಗೆ ಮಾತ್ರ ಅನ್ನುವ ಇನ್ನೊಂದು ಆಯ್ಕೆ ಅಲ್ಲೇ ಕೆಳಗಿದೆ. ಅದನ್ನು ನಾವೇ ಹುಡುಕಿ ಒತ್ತಬೇಕು. “ಹೈಪರ್‌ಲೋಕಲ್ ಟಾರ್ಗೆಟಿಂಗ್”, ಅಂದರೆ ಸುತ್ತಮುತ್ತಲಿನವರಿಗೆ ಮಾತ್ರ ತೋರಿಸುತ್ತೇವೆ ಅಂತ ರಿಪೋರ್ಟಿನ ಮೊದಲ ಪುಟದಲ್ಲಿ ಬರೆಯುವವರು ಈ ಒಂದು ಗುಂಡಿ ಒತ್ತಿದ್ದಾರಾ ಅಂತ ನೋಡುವುದು ನಿಜವಾದ ಪರೀಕ್ಷೆ.

ಇನ್ನೊಂದು ಸೂಕ್ಷ್ಮ ಇದೆ. ಆನ್‌ಲೈನಿನಲ್ಲೇ ಮಾರುವವರು ಇದನ್ನು ಗಮನಿಸಬೇಕು. ಮಾರಾಟ ಆದಾಗ ಅದರ ಕೀರ್ತಿ ಯಾವ ಜಾಹೀರಾತಿಗೆ ಅನ್ನುವ ಲೆಕ್ಕಕ್ಕೆ ಆಟ್ರಿಬ್ಯೂಷನ್ ಅನ್ನುತ್ತಾರೆ. ಫೇಸ್‌ಬುಕ್‌ನ ಮಾಮೂಲಿ ಲೆಕ್ಕದಲ್ಲಿ ಜಾಹೀರಾತು ಒತ್ತಿ 7 ದಿನದೊಳಗೆ ಕೊಂಡರೆ ಜಾಹೀರಾತಿನ ಖಾತೆಗೆ. ಒತ್ತದೆ, ಬರೀ ತೆರೆಯ ಮೇಲೆ ಬಂದು, ಒಂದು ದಿನದೊಳಗೆ ಕೊಂಡರೂ ಜಾಹೀರಾತಿನ ಖಾತೆಗೆ. ವರ್ಷಗಳಿಂದ ನಿಮ್ಮ ಹತ್ತಿರವೇ ಕೊಳ್ಳುವವರು ಅವತ್ತು ಹೇಗೂ ಕೊಳ್ಳುವವರಿದ್ದರು. ಅವರ ತೆರೆಯ ಮೇಲೆ ನಿಮ್ಮ ಜಾಹೀರಾತು ಹಾದುಹೋಯಿತು. ಅದೂ ಜಾಹೀರಾತಿನ ಗೆಲುವೇ ಆಗುತ್ತದೆ.

ಈ ಅನುಮಾನ ಬರೀ ನನ್ನದಲ್ಲ. ಆನ್‌ಲೈನ್‌ನಲ್ಲಿ ಮಾರಾಟ ನಡೆಸುವ ಇಬೇ ಕಂಪನಿಯಲ್ಲಿ ಥಾಮಸ್ ಬ್ಲೇಕ್, ಕ್ರಿಸ್ ನಾಸ್ಕೊ, ಸ್ಟೀವನ್ ಟಡೆಲಿಸ್ ಅನ್ನುವ ಅರ್ಥಶಾಸ್ತ್ರಜ್ಞರು ಇದನ್ನೇ ಪ್ರಯೋಗ ಮಾಡಿ ನೋಡಿದರು. ಜನ ಇಬೇ ಅಂತಲೇ ಹುಡುಕಿದಾಗ ಮೇಲೆ ಬರುವ ದುಡ್ಡಿನ ಜಾಹೀರಾತನ್ನು ನಿಲ್ಲಿಸಿದರು. ಬಹುತೇಕ ಎಲ್ಲರೂ ಕೆಳಗಿನ ಪುಕ್ಕಟೆ ಲಿಂಕ್ ಒತ್ತಿ ಅಲ್ಲಿಗೇ ಬಂದರು. 2015ರಲ್ಲಿ ಈ ಅಧ್ಯಯನ ಪ್ರಕಟವಾಯಿತು. ಸೋಪು, ಶಾಂಪೂ ಮಾಡುವ ಪ್ರಾಕ್ಟರ್ ಅಂಡ್ ಗ್ಯಾಂಬಲ್ 2017ರಲ್ಲಿ ಡಿಜಿಟಲ್ ಜಾಹೀರಾತಿನ ಖರ್ಚನ್ನು ಸುಮಾರು 20 ಕೋಟಿ ಡಾಲರ್‌ನಷ್ಟು ಕಡಿಮೆ ಮಾಡಿತು. ಅದರ ಹಿಂದಿನ ವರ್ಷ, 2016ರ ಸೆಪ್ಟೆಂಬರ್‌ನಲ್ಲಿ, ಫೇಸ್‌ಬುಕ್ ತಾನೇ ಒಪ್ಪಿಕೊಂಡಿತ್ತು: ಜನ ಸರಾಸರಿ ಎಷ್ಟು ಹೊತ್ತು ವಿಡಿಯೊ ನೋಡುತ್ತಾರೆ ಅನ್ನುವ ಲೆಕ್ಕ ಜಾಸ್ತಿ ತೋರಿಸುತ್ತಿತ್ತು ಅಂತ. ಮೂರು ಸೆಕೆಂಡಿಗಿಂತ ಕಡಿಮೆ ನೋಡಿದವರನ್ನು ಆ ಸರಾಸರಿಯಿಂದಲೇ ಬಿಟ್ಟಿದ್ದರು. ಅಷ್ಟು ದೊಡ್ಡ ಕಂಪನಿಗಳಿಗೇ ಪ್ರಶ್ನೆ ಕೇಳಬೇಕಾಗಿ ಬಂತು ಅಂದರೆ, ಕೋಲಾರದ ನರ್ಸರಿಯವರು ಕೇಳಿದರೆ ನಾಚಿಕೆ ಪಡುವುದು ಏನಿದೆ?

ಈ ಮಾತುಗಳನ್ನು ಹೊತ್ತು ತರುವ ಹುಡುಗ ಹುಡುಗಿಯರ ಮೇಲೆ ನನಗೆ ಕೋಪ ಇಲ್ಲ. ಅವರಲ್ಲಿ ತುಂಬ ಜನ ನಮ್ಮ ಜಿಲ್ಲೆಯವರೇ. ಬಿಸಿಲಲ್ಲಿ ಬೈಕ್ ಮೇಲೆ ಹಳ್ಳಿ ಹಳ್ಳಿ ತಿರುಗುತ್ತಾರೆ, ತಲೆ ಮೇಲೆ ಟಾರ್ಗೆಟ್ ಇರುತ್ತದೆ. ಒಬ್ಬ ಹುಡುಗ ನಮ್ಮ ಶೇಡ್‌ನೆಟ್ ಕೆಳಗೆ ನೀರು ಕುಡಿಯುತ್ತಾ ಹೇಳಿದ: “ಅಕ್ಕಾ, ಹೀಗೇ ಹೇಳಬೇಕು ಅಂತ ಟ್ರೇನಿಂಗ್‌ನಲ್ಲಿ ಕಲಿಸಿದ್ದಾರೆ. ಬೇರೆ ಥರ ಹೇಳಿದರೆ ಮ್ಯಾನೇಜರ್ ಬಯ್ಯುತ್ತಾರೆ.” ಅವನ ಅಪ್ಪನೂ ಟೊಮೆಟೊ ಬೆಳೆಗಾರರು. ಬಾಕ್ಸ್, ಬೆಲೆ, ಬಾಡಿಗೆ ಅಂತ ಮಾತಾಡೋಕೆ ಅವನಿಗೆ ಬರುವುದಿಲ್ಲವಾ? ಬರುತ್ತದೆ. ಆಫೀಸಿನಲ್ಲಿ ಅದನ್ನು ಮರೆಸುತ್ತಾರೆ. ಇದು ನನಗೆ ನಿಜವಾಗಿಯೂ ಬೇಸರ ತರುವ ವಿಷಯ. ಒಳ್ಳೆ ಕೆಲಸ ಮಾಡುವ ಸ್ಟಾರ್ಟಪ್‌ಗಳೂ ಇವೆ. ಅವೂ ಇದೇ ಮಾತು ಆಡುವುದರಿಂದ ಒಳ್ಳೆಯದು ಯಾವುದು, ಸುಮ್ನೆ ಬಂದು ಹೋಗುವುದು ಯಾವುದು ಅಂತ ಗುರುತಿಸೋಕೆ ರೈತರಿಗೆ ಆಗುತ್ತಿಲ್ಲ.

ಕಾನೂನು ಇಲ್ಲವಾ ಅಂತ ಕೇಳಬಹುದು. ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿ ತನಕ ದಂಡ ಹಾಕಬಹುದು. ಮತ್ತೆ ಮಾಡಿದರೆ 50 ಲಕ್ಷದ ತನಕ. 2022ರ ಜೂನ್‌ನಲ್ಲಿ ಬಂದ ಮಾರ್ಗಸೂಚಿಯಲ್ಲಿ ನನಗೆ ಇಷ್ಟವಾದ ಒಂದು ನಿಯಮ ಇದೆ. ಜಾಹೀರಾತು ಯಾವ ಭಾಷೆಯಲ್ಲಿದೆಯೋ ಷರತ್ತಿನ ಸಾಲೂ ಅದೇ ಭಾಷೆಯಲ್ಲಿ ಇರಬೇಕು. ಕನ್ನಡದಲ್ಲಿ ದೊಡ್ಡದಾಗಿ ಆಸೆ ತೋರಿಸಿ, ಇಂಗ್ಲಿಷಿನಲ್ಲಿ ಚಿಕ್ಕದಾಗಿ ಷರತ್ತು ಬರೆಯುವ ಹಾಗಿಲ್ಲ. ಜೀವನೋಪಾಯಕ್ಕೆ ಸ್ವಂತ ದುಡಿಮೆ ಮಾಡುವವರು ಅದಕ್ಕಾಗಿ ಕೊಂಡರೂ ಕಾಯ್ದೆಯ ಲೆಕ್ಕದಲ್ಲಿ ಗ್ರಾಹಕರೇ. ದೂರು ಹೇಳೋಕೆ 1915 ಸಹಾಯವಾಣಿ ಇದೆ.

ಆದರೆ ಕಾನೂನಿನ ಕೈಗೆ ಸಿಗುವುದು ಪರೀಕ್ಷೆ ಮಾಡಬಹುದಾದ ಮಾತು ಮಾತ್ರ. “ಎಕರೆಗೆ ಇಷ್ಟು ಬಾಕ್ಸ್ ಇಳುವರಿ” ಅಂದರೆ ಸುಳ್ಳೋ ನಿಜವೋ ನೋಡಬಹುದು. “ನಿಮ್ಮ ಕೃಷಿ ಪಯಣವನ್ನು ಬದಲಿಸುತ್ತೇವೆ” ಅಂದರೆ ಏನು ನೋಡುವುದು? ಹಾಗಾಗಿ ಮಾತು ಮಸುಕಾದಷ್ಟೂ ಹೇಳಿದವರು ಸುರಕ್ಷಿತ. 2024ರ ಏಪ್ರಿಲ್‌ನಲ್ಲಿ ಒಂದು ಒಳ್ಳೆ ಕೆಲಸ ಆಯಿತು. ಬೋರ್ನ್‌ವಿಟಾ ಸೇರಿದಂತೆ ಪಾನೀಯಗಳನ್ನು “ಹೆಲ್ತ್ ಡ್ರಿಂಕ್” ವಿಭಾಗದಿಂದ ತೆಗೆಯಿರಿ ಅಂತ ಕೇಂದ್ರ ವಾಣಿಜ್ಯ ಸಚಿವಾಲಯ ಆನ್‌ಲೈನ್ ಅಂಗಡಿಗಳಿಗೆ ಹೇಳಿತು. ಆಹಾರ ಕಾನೂನಿನಲ್ಲಿ ಹಾಗೊಂದು ವ್ಯಾಖ್ಯೆಯೇ ಇಲ್ಲ ಅನ್ನುವುದು ಕಾರಣ. ವರ್ಷಾನುಗಟ್ಟಲೆ ಮನೆಮನೆಯಲ್ಲಿ ಓಡಾಡಿದ ಪದಕ್ಕೆ ಕೊನೆಗೆ ಯಾರೋ ಒಬ್ಬರು ನಿನ್ನ ಅಳತೆ ಏನು ಅಂತ ಕೇಳಿದರು. “ಸ್ಮಾರ್ಟ್”, “ಸಸ್ಟೈನಬಲ್”, “ಎಐ ಪವರ್ಡ್” ಅನ್ನುವುದಕ್ಕೂ ಕೇಳಬೇಕು.

ನಮ್ಮ ನರ್ಸರಿಯಲ್ಲಿ ಈಗ ಏಜೆನ್ಸಿಯವರು ಬಂದರೆ ಮೊದಲೇ ಕೆಲವು ವಿಷಯ ಬರೆದುಕೊಡಿ ಅನ್ನುತ್ತೇವೆ. ಜಾಹೀರಾತು ಖಾತೆ ನರ್ಸರಿಯ ಹೆಸರಲ್ಲಿ ಇರಬೇಕು, ಒಳಗೆ ಏನಿದೆ ಅಂತ ನಾವೇ ತೆರೆದು ನೋಡುವಂತಿರಬೇಕು. ಗೂಗಲ್‌ಗೋ ಫೇಸ್‌ಬುಕ್‌ಗೋ ಹೋದ ದುಡ್ಡು ಎಷ್ಟು, ಏಜೆನ್ಸಿಯ ಫೀಸು ಎಷ್ಟು ಅಂತ ಬಿಲ್ ಬೇರೆ ಬೇರೆ ಬೇಕು. ಖಾತೆ ಅವರ ಹೆಸರಲ್ಲಿದ್ದರೆ, ಬಿಟ್ಟು ಹೋಗುವಾಗ ಹಳೆ ಲೆಕ್ಕವೆಲ್ಲ ಅವರ ಜೊತೆಗೇ ಹೋಗುತ್ತದೆ. ರಿಪೋರ್ಟಿನಲ್ಲಿ ನಮಗೆ ಬೇಕಾದದ್ದು ಒಂದೇ ಸಾಲು: ನಮ್ಮ ನಾಲ್ಕೈದು ತಾಲೂಕಿನಿಂದ ಸಸಿ ಕೇಳಿ ಫೋನ್ ಮಾಡಿದವರು ಎಷ್ಟು ಜನ. ಫೋನ್ ಬಂದಾಗ ಅಕ್ಕ “ಎಲ್ಲಿ ನೋಡಿದಿರಿ?” ಅಂತ ಕೇಳಿ ಆರ್ಡರ್ ಪುಸ್ತಕದ ಅಂಚಿನಲ್ಲಿ ಬರೆದಿಡುತ್ತಾಳೆ. ಗೊತ್ತಿದ್ದವರು ಹೇಳಿದರು, ರಸ್ತೆ ಬದಿ ಬೋರ್ಡು, ಫೇಸ್‌ಬುಕ್. ಏಜೆನ್ಸಿಯ ಲೆಕ್ಕವನ್ನೂ ಈ ಪುಸ್ತಕವನ್ನೂ ಪಕ್ಕಪಕ್ಕ ಇಟ್ಟು ನೋಡುತ್ತೇವೆ.

ಜಾಹೀರಾತನ್ನೂ ನಾವೇ ಬರೆದೆವು. ಯಾವ ತಳಿ, ಬಿತ್ತಿ ಎಷ್ಟು ದಿನದ ಸಸಿ, ಒಂದು ಸಸಿಗೆ ಎಷ್ಟು ಪೈಸೆ, ಎಷ್ಟು ಟ್ರೇಗಿಂತ ಮೇಲೆ ಇದ್ದರೆ ಗಾಡಿ ಕಳಿಸುತ್ತೇವೆ, ಯಾವ ದಿನ ಸಿಗುತ್ತದೆ. ಕೆಳಗೆ ನಂಬರ್, ಸಂಜೆ ಎಷ್ಟು ಗಂಟೆ ತನಕ ಫೋನ್ ಮಾಡಬಹುದು ಅನ್ನುವುದು. ಫೋಟೊ ನಮ್ಮ ಶೇಡ್‌ನೆಟ್‌ನದೇ. ಮೊದಲು ಫೋನ್ ಮಾಡಿದವರಲ್ಲಿ ಶ್ರೀನಿವಾಸಪುರ ಕಡೆಯ ಒಬ್ಬ ರೈತ, ಎಲೆ ಮುದುಡು ರೋಗ ಬರುವುದಿಲ್ಲ ಅಂತ ಗ್ಯಾರಂಟಿ ಕೊಡ್ತೀರಾ ಅಂತ ಕೇಳಿದರು. ಬಿಳಿ ನೊಣ ಹರಡುವ ರೋಗ ಅದು, ಬೆಳೆಯನ್ನೇ ಮುಗಿಸಿಬಿಡುತ್ತದೆ. ಅಕ್ಕ ಅಂದಳು: “ಗ್ಯಾರಂಟಿ ಕೊಡೋಕೆ ಆಗಲ್ಲಣ್ಣ. ತಡೆದುಕೊಳ್ಳುವ ತಳಿ ಅಂತ ಬೀಜದ ಕಂಪನಿ ಹೇಳುತ್ತೆ. ನಮ್ಮ ಕಡೆಯಿಂದ ಸಸಿ ಹೋಗೋ ತನಕ ಬಲೆ ಒಳಗೇ ಇಟ್ಟಿರ್ತೀವಿ. ಬಂದು ನೋಡಿ.” ಅವರು ಬಂದರು, ಟ್ರೇ ಎತ್ತಿ ಬೇರು ನೋಡಿದರು, ಬಲೆ ಎಲ್ಲಿ ಹರಿದಿದೆ ಅಂತಲೂ ನೋಡಿದರು. ಒಂದು ಕಡೆ ಹರಿದಿತ್ತು. ಅದನ್ನು ಹೊಲಿಸಿ ಆದ ಮೇಲೆ ಒಯ್ಯುತ್ತೇನೆ ಅಂತ ಅಡ್ವಾನ್ಸ್ ಕೊಟ್ಟು ಹೋದರು. ರೋಗಕ್ಕೆ ಗ್ಯಾರಂಟಿ ಇಲ್ಲ, ಸಸಿ ಬಲೆ ಒಳಗೆ ಬೆಳೆದದ್ದು, ಬಂದು ನೋಡಿ ಕೊಳ್ಳಿ ಅನ್ನುವ ಸಾಲನ್ನು ಆಮೇಲೆ ಜಾಹೀರಾತಿಗೂ ಸೇರಿಸಿದೆವು.